ಮುಚ್ಚಿದ್ದ ಆರು ಬಾಗಿಲು

ನಮ್ಮವ್ವ ಸತ್ತ ದಿನ ನಮ್ಮ ಬೀದಿಯಲ್ಲಿ ಆರು ಮನೆಗಳ ಬಾಗಿಲು ಮುಚ್ಚಿದ್ದವು. ಎಣಿಸಿದವಳು ನಾನೇ. ಹೆತ್ತವಳನ್ನು ಅಂಗಳದಲ್ಲಿ ಮಲಗಿಸಿರುವಾಗ ತಲೆದೆಸೆಯಲ್ಲಿ ಕೂತು ಬಾಗಿಲು ಎಣಿಸುವ ಮಗಳು ಎಂಥವಳು ಅಂದರೆ, ಇಂಥವಳು: ಬಸ್ಸು ಹತ್ತಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ನಡೆಯುವವಳು. ಮಗಳು ಎರಡು ಸಲ ಫೋನು ಎತ್ತದಿದ್ದರೆ ಆಸ್ಪತ್ರೆಗಳ ನಂಬರು ಹುಡುಕುವವಳು. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಹಾಜರಿ ಕರೆಯುವುದು ಮೈಗೆ ಹತ್ತಿಬಿಟ್ಟಿದೆ. ಅವತ್ತೂ ಕರೆದೆ. ಆರು ಮನೆ ಗೈರು.

ಊರಿನ ಮಿಕ್ಕವರೆಲ್ಲ ಬಂದಿದ್ದರು. ಹಾಲಿನ ಡೈರಿಯವರು ಬಂದರು, ಕೂಟಗಲ್ಲಿನಿಂದ ನೆಂಟರು ಬಂದರು. ಅವ್ವನ ರೇಷ್ಮೆಗೂಡು ಎಷ್ಟೋ ವರ್ಷ ಕೊಂಡು ನೂಲು ತೆಗೆಸಿದ್ದ ರಾಮನಗರದ ರೀಲರ್ ಸಾಹೇಬರು ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು, ಅಂಗಳದ ಮೂಲೆಯಲ್ಲಿ ಚಪ್ಪಲಿ ಬಿಟ್ಟು, ಮಣ್ಣು ಮಾಡುವವರೆಗೂ ಬಿಸಿಲಿನಲ್ಲಿ ನಿಂತಿದ್ದರು. ಟೌನಿನಿಂದ ಅವರು ಬಂದರು, ಎದುರುಮನೆಯ ಚಿಕ್ಕಮ್ಮನಿಗೆ ಹತ್ತು ಹೆಜ್ಜೆ ದಾಟಲಾಗಲಿಲ್ಲ. ಆ ಲೆಕ್ಕ ನನ್ನ ಎದೆಯಲ್ಲಿ ಕೆಂಡದ ಹಾಗೆ ಕೂತಿತು.

ಆ ಆರು ಮನೆಯವರು ಬೇರೆ ಯಾರೋ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಸುಮ್ಮನಿರಲು ಯಾಕೆ ಆಗಲಿಲ್ಲ ಅನ್ನುವುದಕ್ಕೆ ನಮ್ಮೂರಿನ ಹುಳದ ವಿಚಾರ ಒಂದಿಷ್ಟು ಹೇಳಬೇಕು.

ಕೈಲಾಂಚದ ಕಡೆಯ ಹಳ್ಳಿ ನಮ್ಮದು. ರಾಗಿ, ಹಸು, ರೇಷ್ಮೆ ಹುಳ. ಹುಳ ಹಿಪ್ಪುನೇರಳೆ ಸೊಪ್ಪು ತಿಂದು ತಿಂದು, ನಾಲ್ಕು ಸಲ ಪೊರೆ ಬಿಟ್ಟು, ಕೊನೆಗೊಂದು ದಿನ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಅತ್ತಿತ್ತ ಆಡಿಸುತ್ತದೆ. ಮೈ ಬೆಳಕು ಹಾಯುವಷ್ಟು ತಿಳಿಯಾಗುತ್ತದೆ. ಹುಳ ಹಣ್ಣಾಯಿತು ಅನ್ನುತ್ತಾರೆ. ಹಣ್ಣಾದದ್ದನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಹೆಣೆದ ಬಿದಿರಿನ ತಟ್ಟಿಗೆ, ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ತಡವಾದರೆ ಸೊಪ್ಪಿನ ಕಡ್ಡಿಯ ಮೇಲೇ, ಕಸದ ಮೇಲೇ ನೂಲು ಬಿಟ್ಟು ಹಾಳಾಗುತ್ತದೆ. ಆತುರಪಟ್ಟು ಕಾಯಿಹುಳ ಆರಿಸಿದರೆ ಅದೂ ಹಾಳು. ಸಾವಿರಾರು ಹುಳ ಒಟ್ಟೊಟ್ಟಿಗೆ ಹಣ್ಣಾಗುವ ಆ ದಿನ ಒಂದು ಮನೆಯ ಕೈ ಯಾವ ಮೂಲೆಗೂ ಸಾಲುವುದಿಲ್ಲ. ಅದಕ್ಕೇ ಮುಯ್ಯಾಳು. ಇವತ್ತು ನಿಮ್ಮನೆಗೆ ನಾವು, ಇನ್ನೊಂದು ದಿನ ನಮ್ಮನೆಗೆ ನೀವು. ನಮ್ಮವ್ವ ಮತ್ತು ಆ ಆರು ಮನೆಯ ಹೆಂಗಸರದು ಮೂವತ್ತು ವರ್ಷದ ಮುಯ್ಯಾಳು. ಏಳು ಮನೆಯ ಹುಳ ಒಂದೇ ದಿನ ಹಣ್ಣಾಗದ ಹಾಗೆ, ಹುಳದ ಮರಿ ತರುವ ದಿನವನ್ನೇ ಹಿಂದೆ ಮುಂದೆ ಮಾಡಿಕೊಳ್ಳುತ್ತಿದ್ದರು.

ಆ ಕೂಟಕ್ಕೆ ನಮ್ಮವ್ವನೇ ಯಜಮಾನಿ. ಕಟ್ಟಳೆಗಳೆಲ್ಲ ಅವಳವೇ. ಸ್ನಾನ ಮಾಡದೆ ಹುಳಮನೆಗೆ ಬರುವಂತಿಲ್ಲ. ಹೂ ಮುಡಿಯುವಂತಿಲ್ಲ, ಪೌಡರು ಬಳಿಯುವಂತಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಸಿ ಹಾಸಿದ ಗೋಣಿಚೀಲ ತುಳಿಯದೆ ಒಳಗೆ ಕಾಲಿಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು: ಸಾವಿನ ಮನೆ ಮೆಟ್ಟಿದವರು, ಮೂರನೇ ದಿನ ಸಮಾಧಿಗೆ ಹಾಲು-ತುಪ್ಪ ಬಿಡುವವರೆಗೂ, ಯಾರ ಹುಳಮನೆಯನ್ನೂ ಮೆಟ್ಟಬಾರದು. ಹುಳಕ್ಕೆ ರೋಗ ಬರುತ್ತದೆ ಎಂದು ಅವ್ವನ ನಂಬಿಕೆ. ರೋಗ ಬರುವುದು ಕೊಳೆಯಿಂದ, ಸಾವಿನಿಂದಲ್ಲ ಎಂದು ಬಿ.ಎಡ್. ಮಾಡಿದ ಹೊಸತರಲ್ಲಿ ನಾನು ಅವಳಿಗೆ ವಿವರಿಸಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, ಕೈ ತೊಳೆದುಕೊಂಡು ಬಾ ಹೋಗು ಅಂದಿದ್ದಳು.

ಹಾಗಾಗಿ ಅವತ್ತು ಬಾಗಿಲು ಮುಚ್ಚಿದ್ದು ಯಾಕೆ ಅಂತ ನನಗೆ ಗೊತ್ತಿರಲಿಲ್ಲ ಎಂದಲ್ಲ. ಆರು ಮನೆಯಲ್ಲೂ ಹುಳವಿತ್ತು. ನಮ್ಮವ್ವನ ಮುಖ ಕೊನೆಗೊಂದು ಸಲ ನೋಡಿದರೆ ತಮ್ಮ ಹುಳಕ್ಕೆ ಕೇಡು ಅಂತ ಅವರು ಒಳಗೆ ಕೂತಿದ್ದಾರೆ. ಗೊತ್ತಿದ್ದದ್ದರಿಂದಲೇ ಸಿಟ್ಟು. ಕಾರಣ ಗೊತ್ತಿಲ್ಲದಿದ್ದರೆ ಬರೀ ಗಾಬರಿಯಾಗುತ್ತಿತ್ತು. ಅದು ನನಗೆ ಅಭ್ಯಾಸ.

ಈ ಹೆಂಗಸು ಅವರಿಗಾಗಿ ಏನೇನು ಮಾಡಿದ್ದಳು. ಹೊಸದಾಗಿ ಬಂದ ಸೊಸೆಯಂದಿರಿಗೆ ಹುಳವನ್ನು ಬೆಳಕಿಗೆ ಹಿಡಿದು ಹಣ್ಣು ಯಾವುದು ಕಾಯಿ ಯಾವುದು ತೋರಿಸಿಕೊಟ್ಟವಳು ಅವಳು. ಹಸು ಕರು ಹಾಕಲಾರದೆ ಒದ್ದಾಡಿದರೆ ಡಾಕ್ಟರು ಬರುವ ತನಕ ಅದರ ಪಕ್ಕ ಕೂತು ಮಾತಾಡಿಸಿದವಳು. ಎದುರುಮನೆಯ ಚಿಕ್ಕಮ್ಮನ ಮೂರು ಬಾಣಂತನಕ್ಕೂ ನೀರು ಕಾಯಿಸಿದವಳು. ನನ್ನ ಹೆರಿಗೆಯ ದಿನ ಮಾತ್ರ ಎಲ್ಲಿದ್ದಳು ಅಂತೀರಿ? ಆರನೇ ಮನೆಯಲ್ಲಿ. ಅವರ ಹುಳ ಹಣ್ಣಾಗಿತ್ತು. ಎರಡು ದಿನ ತಡವಾಗಿ, ಮೈಯೆಲ್ಲ ಸೊಪ್ಪಿನ ವಾಸನೆ ಹೊತ್ತು ರಾಮನಗರದ ಆಸ್ಪತ್ರೆಗೆ ಬಂದವಳು ಮಗುವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿ, ಚೆನ್ನಾಗೈತೆ ಅಂದಳು. ಹುಳ ನೋಡಿದ ಹಾಗೇ. ಆಮೇಲೆ ಮೂರು ತಿಂಗಳು ನನ್ನನ್ನು ನೆಲಕ್ಕೆ ಕಾಲೂರಲು ಬಿಡಲಿಲ್ಲ, ಅದು ಬೇರೆ ಮಾತು. ನಾನು ಚನ್ನಪಟ್ಟಣಕ್ಕೆ ಸೇರಿದ ಮೇಲೂ ವಾರವಾರ ಬಸ್ಸಿನ ಡ್ರೈವರ್ ಕೈಲಿ ರಾಗಿಹಿಟ್ಟು, ಹುರುಳಿಕಾಳು, ಒಮ್ಮೊಮ್ಮೆ ಬಿಸಿ ಆರದ ಬಸ್ಸಾರಿನ ಡಬ್ಬಿ ಕಳಿಸುತ್ತಿದ್ದಳು. ಡಬ್ಬಿ ಎಲ್ಲಿ ಚೆಲ್ಲಿತೋ ಎಂದು ನಾನು ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟೆ ಮುಂಚೆಯೇ ನಿಂತಿರುತ್ತಿದ್ದೆ. ಒಂದು ಸಲವೂ ಚೆಲ್ಲಲಿಲ್ಲ.

ನಮ್ಮತ್ತೆ ತೀರಿಕೊಂಡಾಗ ಅವಳು ಚನ್ನಪಟ್ಟಣಕ್ಕೆ ಬರಲಿಲ್ಲ. ಹುಳ. ಬೀಗಿತ್ತಿಯ ಮಣ್ಣಿಗೆ ಬಾರದವಳು ಎಂದು ನನ್ನ ಗಂಡನ ಮನೆಯವರು ಎಷ್ಟೋ ವರ್ಷ ನನಗೆ ಅನ್ನದ ಜೊತೆ ಬಡಿಸಿದ್ದಾರೆ. ನಾನು ಅದನ್ನೂ ಉಂಡೆ. ಅಷ್ಟೆಲ್ಲ ಕಟ್ಟಳೆ ಕಾಯ್ದವಳ ಸಾವಿಗೆ ಅದೇ ಕಟ್ಟಳೆ ಹಿಡಿದು ಆರು ಬಾಗಿಲು ಮುಚ್ಚಿಕೊಂಡವಲ್ಲ, ಅದಕ್ಕೇನು ಅನ್ನಬೇಕು?

ಮರುದಿನ ಮಧ್ಯಾಹ್ನ ನನ್ನ ತಮ್ಮ ಜಗಲಿಯಲ್ಲಿ ಕೂತು, ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ, ಅವ್ವನ ಹುಳ ನಾಳೆ ಹಣ್ಣಾಗುತ್ತವೆ ಅಂದ. ನನಗೆ ಜೀವ ಹಾರಿದಂತಾಯಿತು. ಹಿತ್ತಿಲಿನಲ್ಲಿ ಹುಳಮನೆಯಿದೆ ಎಂಬುದೇ ಮರೆತುಹೋಗಿತ್ತು. ತಮ್ಮ, ತಮ್ಮನ ಹೆಂಡತಿ, ನಾನು, ಮೂವರೂ ಸಾವಿನ ಮನೆಯವರು, ಒಳಗೆ ಕಾಲಿಡುವಂತಿಲ್ಲ. ಬರಬೇಕಾದ ಆರು ಜನ ಬಾಗಿಲು ಹಾಕಿಕೊಂಡಿದ್ದಾರೆ. ಅವಳು ಕೊನೆಯದಾಗಿ ಮೇಯಿಸಿದ ಹುಳ ಕಸದ ಮೇಲೆ ನೂಲು ಬಿಟ್ಟು ಹಾಳಾಗಬೇಕು, ಅಷ್ಟೇ.

"ಯಾರು ಆರಿಸ್ತಾರೋ?" ಅಂದೆ.

"ಆಯ್ತದೆ ಬುಡಕ್ಕ."

ನನ್ನ ತಮ್ಮ ಹುಟ್ಟಿದಾಗಿನಿಂದ ಎಲ್ಲಕ್ಕೂ ಇದನ್ನೇ ಅನ್ನುವವನು. ಮಳೆ ಬರುತ್ತದೇನೋ ಅಂದರೂ ಆಯ್ತದೆ ಬುಡಕ್ಕ, ಮನೆಗೆ ಬೆಂಕಿ ಬಿತ್ತು ಅಂದರೂ ಆಯ್ತದೆ ಬುಡಕ್ಕ. ನಾನು ಅವನ ಪಾಲಿನ ಗಾಬರಿಯನ್ನೂ ಬಿದ್ದು ಬಿದ್ದು ಹೀಗಾಗಿದ್ದೇನೆ ಎಂದು ಅವನಿಗೆ ಹೇಳಿದ್ದೂ ಆಯಿತು. ಅವನು ಎದ್ದು ಹಸುವಿಗೆ ನೀರು ತೋರಿಸಲು ಹೋದ.

ಅಡುಗೆಮನೆಯ ಗೂಡಿನಲ್ಲಿ ಅವ್ವನ ಫೋನು ಇತ್ತು. ಅದರಲ್ಲಿ ಏಳು ಜನರ ಒಂದು ಗ್ರೂಪು. ಅಕ್ಷರ ಟೈಪು ಮಾಡುವ ಗೋಜಿಲ್ಲದೆ ಎಲ್ಲ ವಾಯ್ಸ್ ಮೆಸೇಜೇ. ಯಾರ ಹುಳ ಪೊರೆ ಬಿಡಲು ಕೂತಿವೆ, ಯಾರ ಮನೆಯಲ್ಲಿ ಸೊಪ್ಪು ಸಾಲದು, ನಾಳೆ ಯಾರ ಮನೆ. ಅದರ ಮೈಕಿನ ಗುರುತು ಒತ್ತಿ ಹಿಡಿದುಕೊಂಡು ನಾನು ಮಾತಾಡಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ಶುದ್ಧವಾಗಿ ಮಾತಾಡಿರೆಂದು ಹೇಳಿಕೊಟ್ಟ ಬಾಯಿಗೆ ಅವತ್ತು ಹುಟ್ಟೂರಿನ ಮಾತೇ ಬಂತು.

"ನಿಮ್ಮನೆ ಹುಳ ಆರ್ಸಿ ಆರ್ಸಿ ನಮ್ಮವ್ವ ಸೊಂಟ ಬಗ್ಗುಸ್ಕೊಂಡ್ಲು. ಅವಳ ಬಾಯಿಗೆ ಒಂದು ತೊಟ್ಟು ನೀರು ಬುಡೋಕೆ ನಿಮಗೆ ಬಾಗ್ಲು ತೆಗೆಯೋಕಾಗ್ನಿಲ್ಲ. ನಾಳೆ ಅವಳ ಹುಳ ಹಾಳಾಯ್ತವೆ. ಆಗ್ಲಿ. ನಿಮ್ಮವು ಸುಖವಾಗಿರ್ಲಿ. ನಿಮ್ ಹುಳದ ಗೂಡ್ನೇ ಹೊದ್ಕೊಂಡು ಮಲಿಕ್ಕಳಿ."

ಬೆರಳು ತೆಗೆದೆ. ಹೋಯಿತು. ಸತ್ತವಳ ನಂಬರಿನಿಂದ ಹೋಯಿತು ಎಂಬುದು ಹೊಳೆದದ್ದು ಸ್ವಲ್ಪ ಹೊತ್ತಾದ ಮೇಲೆ. ಅಳಿಸೋಣವೆಂದು ನೋಡಿದರೆ ಆರೂ ಜನ ಆಗಲೇ ಕೇಳಿಸಿಕೊಂಡಿದ್ದರು. ಫೋನನ್ನು ಮತ್ತೆ ಗೂಡಿನಲ್ಲಿಟ್ಟೆ.

ಮೂರನೇ ದಿನ ಬೆಳಕು ಹರಿಯುವ ಹೊತ್ತಿಗೆ ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ಕಟ್ಟಳೆ ಅವಳದು. ಅವಳೇ ಇಲ್ಲದ ಮೇಲೆ ಕಟ್ಟಳೆ ಯಾರಿಗೆ? ನಾನೇ ಹೋಗಿ ಆರಿಸುತ್ತೇನೆ. ಹುಳ ಮುಟ್ಟಿ ಮೂವತ್ತು ವರ್ಷವಾಗಿದೆ, ಮುಟ್ಟಿದಾಗಲೂ ಕಾಯಿಯನ್ನೇ ಹಣ್ಣೆಂದು ಆರಿಸಿ ಬೈಸಿಕೊಂಡವಳು ನಾನು. ಆದರೂ ಸೆರಗು ಸಿಕ್ಕಿಸಿ ಹಿತ್ತಿಲಿಗೆ ನಡೆದೆ. ಹುಳಮನೆಯ ಬಾಗಿಲು ತಳ್ಳಿದೆ.

ಒಳಗೆ ಆರು ಜನ ಕೂತಿದ್ದರು.

ತಲೆಗೆ ಬಟ್ಟೆ ಕಟ್ಟಿಕೊಂಡು, ನೆರಿಗೆ ಎತ್ತಿ ಕಟ್ಟಿ, ಸಾಲಾಗಿ ಬಗ್ಗಿ ಹುಳ ಆರಿಸುತ್ತಿದ್ದರು. ಆಗಲೇ ನಾಲ್ಕು ಚಂದ್ರಿಕೆ ತುಂಬಿ ಗೋಡೆಗೆ ಒರಗಿಸಿದ್ದವು. ಅಂಗಳ ದಾಟದೆ, ಹಿಪ್ಪುನೇರಳೆ ತೋಟದ ಕಡೆಯ ಬಾಗಿಲಿನಿಂದ ಬಂದಿದ್ದರು. ಎದುರುಮನೆಯ ಚಿಕ್ಕಮ್ಮ ತಲೆಯೆತ್ತಿದಳು.

"ಕಾಲಿಡಬ್ಯಾಡ ಕಣಮ್ಮಿ. ಅಲ್ಲೇ ನಿಂತ್ಕೊ."

"ಇದು ನಮ್ಮವ್ವನ ಹುಳಮನೆ," ಅಂದೆ.

"ಊಂ. ಅದುಕ್ಕೇ ಹೇಳ್ತಿರೋದು."

ನನ್ನ ಬಲಗಾಲು ಆಗಲೇ ಹೊಸ್ತಿಲ ಮೇಲಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಆರು ಜನವೂ ಎದ್ದು ಹೋಗಬೇಕಾಗುತ್ತಿತ್ತು. ಮನೆಯಲ್ಲಿ ಅವರಿಗೂ ಹುಳವಿದೆ. ಆರು ಜೊತೆ ಕೈಗಳು ಹುಳ ಹಿಡಿದ ಹಾಗೇ ನಿಂತವು. ಹಣ್ಣಾದ ಹುಳಗಳು ಮಾತ್ರ ತಲೆ ಆಡಿಸುತ್ತಲೇ ಇದ್ದವು. ಒಳಗೆ ನುಗ್ಗಬೇಕು, ಆ ಚಂದ್ರಿಕೆಗಳನ್ನೆಲ್ಲ ಎಳೆದು ಬೀಳಿಸಬೇಕು ಅನ್ನಿಸಿದ್ದು ನಿಜ. ನಾನು ಯಾವತ್ತೂ ಏನನ್ನೂ ಎಳೆದು ಬೀಳಿಸಿದವಳಲ್ಲ, ಬೀಳಬಹುದಾದ್ದನ್ನು ಮೊದಲೇ ಹಿಡಿದುಕೊಂಡು ನಿಲ್ಲುವವಳು. ಕಾಲು ಹಿಂದಕ್ಕೆ ತೆಗೆದೆ.

ಹೊರಗೆ ಬಲೆ ಹೊಡೆದ ಕಿಟಕಿಯ ಕೆಳಗೆ ಕಲ್ಲಿನ ಮೇಲೆ ಕೂತೆ. ಚಿಕ್ಕಮ್ಮ ಒಳಗಿನಿಂದಲೇ, ಕೈ ನಿಲ್ಲಿಸದೆ ಮಾತಾಡಿದಳು. ನಿನ್ನೆ ಅವ್ವನ ನಂಬರಿನಿಂದ ಮಾತು ಬಂದಾಗ ಎಲ್ಲರ ಜೀವ ಬಾಯಿಗೆ ಬಂದಿತ್ತಂತೆ. ಕೇಳಿದರೆ ನಾನು.

"ನಿನ್ ಬೈಗ್ಳ ಕೇಳ್ಕಂಡೇ ಸಂಜೆ ಸೊಪ್ಪು ಹಾಕುದ್ವಿ," ಅಂದಳು. "ಎಲ್ಡು ದಿನ ಇವು ಗಾಳಿ ಕುಡ್ಕೊಂಡು ಬದುಕಿದ್ದೋ ಅನ್ಕಂಡಾ?"

ನಿಜ. ಕೊನೆಯ ದಿನಗಳ ಹುಳ ಹೊತ್ತು ಹೊತ್ತಿಗೆ ಸೊಪ್ಪಿಲ್ಲದಿದ್ದರೆ ಉಳಿಯುವುದಿಲ್ಲ. ಬಸ್ಸು, ಬೀಗ, ಗ್ಯಾಸು, ಮಗಳ ಕೆಮ್ಮು, ಎಲ್ಲದರ ಬಗ್ಗೆ ಯೋಚಿಸುವ ನಾನು, ಎರಡು ದಿನ ಅವ್ವನ ಹುಳಕ್ಕೆ ಸೊಪ್ಪು ಹಾಕಿದವರು ಯಾರು ಎಂದು ಒಂದು ಸಲವೂ ಕೇಳಿರಲಿಲ್ಲ. ಜಗತ್ತಿನಲ್ಲಿ ಗಾಬರಿ ಬೀಳಬೇಕಾದ ಒಂದೇ ಒಂದು ವಿಷಯ ನನ್ನ ಕಣ್ಣು ತಪ್ಪಿಸಿತ್ತು.

ಒಂದು ತಿಂಗಳ ಹಿಂದೆ ರಾಮನಗರದ ಡಾಕ್ಟರು ಅವ್ವನಿಗೆ, ನಿಮ್ಮ ಎದೆ ಸೋತಿದೆ, ಕೆಲಸ ಬಿಡಿ ಎಂದಿದ್ದರಂತೆ. ಅವಳು ಊರಿಗೆ ಬಂದು ಹೊಸ ಹುಳ ಇಳಿಸಿದಳು. ಆಮೇಲೆ ಆರು ಜನರನ್ನೂ ಕೂರಿಸಿಕೊಂಡು ಹೇಳಿದ ಮಾತನ್ನು ಚಿಕ್ಕಮ್ಮ ಕಿಟಕಿಯಿಂದ ಹಾಗೇ ಒಪ್ಪಿಸಿದಳು. "'ನಾನೇನಾರ ಹೋಗ್ಬುಟ್ರೆ ನೀವ್ಯಾರೂ ಅಂಗ್ಳಕ್ಕೆ ಬರಬ್ಯಾಡಿ. ಅಳಾಕೆ ನೆಂಟ್ರವ್ರೆ. ಹುಳುಕ್ಕೆ ಯಾರವ್ರೆ?' ಅಂದ್ಲು. ಏನ್ ಮಾಡಾದು ಹೇಳು. ಬಾಗ್ಲು ಹಾಕ್ಕೊಂಡು ಒಳಗೇ ಅತ್ವಿ."

"ನನಗ್ಯಾಕೆ ಹೇಳಲಿಲ್ಲ?"

ಒಳಗಿನಿಂದ ಬೇರೆ ಯಾರೋ ಅಂದರು: "ನಿಂಗಾ? 'ಚನ್ನಪಟ್ಣದವ್ಳಿಗೆ ಮಾತ್ರ ಹೇಳ್ಬ್ಯಾಡಿ, ಗಾಬ್ರಿ ಬಿದ್ದು ಆಸ್ಪತ್ರೇನೇ ಎತ್ಕೊಂಡು ಬಂದ್ಬುಟ್ಟಾಳು' ಅಂದ್ಲು ಕಣವ್ವ."

ಒಳಗೆ ಒಬ್ಬರು ನಕ್ಕು, ತಕ್ಷಣ ನುಂಗಿಕೊಂಡರು. ತಮ್ಮನಿಗೆ ಗೊತ್ತಿತ್ತು. ತಮ್ಮನ ಹೆಂಡತಿಗೆ ಗೊತ್ತಿತ್ತು. ಆಯ್ತದೆ ಬುಡಕ್ಕ.

ಇಷ್ಟು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು ಎಂದು ಗಂಡ, ಮಗಳು, ಸ್ಟಾಫ್ ರೂಮಿನವರು ಎಲ್ಲ ಹೇಳಿದ್ದಾರೆ. ಎಂಥ ಹೆಂಗಸರು, ಎಂಥ ತಾಯಿ ಅನ್ನುತ್ತಾರೆ. ಹೌದು, ನಾನೂ ಒಪ್ಪುತ್ತೇನೆ. ಆದರೆ ಸಿಟ್ಟು ಇಳಿಯಲಿಲ್ಲ, ಜಾಗ ಬದಲಿಸಿತು. ಆರು ಬಾಗಿಲು ಬಿಟ್ಟು ಅವಳ ಮೇಲೆ ಹೋಗಿ ಕೂತಿತು. ಒಂದು ತಿಂಗಳು. ಆ ಒಂದು ತಿಂಗಳಲ್ಲಿ ನಾಲ್ಕು ಸಲ ಬಸ್ಸಾರಿನ ಡಬ್ಬಿ ಬಂದಿತ್ತು. ನಾನು ಖಾಲಿ ಡಬ್ಬಿ ತೊಳೆದು ಡ್ರೈವರ್ ಕೈಲಿ ವಾಪಸು ಕಳಿಸಿದ್ದೆ. ಫೋನಿನಲ್ಲಿ ಉಪ್ಪು ಒಂದಿಷ್ಟು ಜಾಸ್ತಿಯಾಗಿತ್ತು ಅಂದಿದ್ದೆ. ತನ್ನ ಹುಳದ ಬಗ್ಗೆ ಆರು ಮನೆಗೆ ಹೇಳಿದವಳು, ತನ್ನ ಎದೆಯ ಬಗ್ಗೆ ಮಗಳಿಗೆ ಹೇಳಲಿಲ್ಲ. ನಾನು ಗಾಬರಿ ಬೀಳುತ್ತೇನಂತೆ. ಬೀಳುತ್ತಿದ್ದೆ. ರಜೆ ಹಾಕಿ ಬಂದು, ಅವಳ ಬೆನ್ನು ಹತ್ತಿ, ಮಾತ್ರೆ ನುಂಗಿದೆಯಾ, ಕೂತುಕೋ, ಏಳಬೇಡ ಅಂತ ಪೀಡಿಸಿ, ಅವಳ ಹತ್ತಿರ ದಿನಕ್ಕೆ ಹತ್ತು ಸಲ ಬೈಸಿಕೊಳ್ಳುತ್ತಿದ್ದೆ. ಜೀವಮಾನವಿಡೀ ಬೇಡದ್ದಕ್ಕೆಲ್ಲ ಹೆದರಿ ಹೆದರಿ ಅಭ್ಯಾಸ ಮಾಡಿಕೊಂಡಿದ್ದೆ. ನಿಜವಾಗಿ ಹೆದರಬೇಕಾದ ಒಂದು ತಿಂಗಳನ್ನು ಅವಳು ನನ್ನಿಂದ ಕಿತ್ತುಕೊಂಡಳು.

ಅವತ್ತು ಮಧ್ಯಾಹ್ನ ಹಾಲು-ತುಪ್ಪ ಬಿಟ್ಟೆವು. ನಾಲ್ಕನೇ ದಿನ ಬೆಳಿಗ್ಗೆ ಆರು ಬಾಗಿಲೂ ತೆರೆದವು. ಆರು ಜನ ಒಟ್ಟಿಗೆ ಅಂಗಳಕ್ಕೆ ಬಂದು, ಅವ್ವ ಕೂರುತ್ತಿದ್ದ ಕಂಬಕ್ಕೆ ಹಣೆ ಹಚ್ಚಿ, ಮೂರು ದಿನ ಕಟ್ಟಿಟ್ಟಿದ್ದನ್ನೆಲ್ಲ ಅತ್ತರು. ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ನನಗೆ ಅವರ ಜೊತೆ ಅಳು ಬರಲಿಲ್ಲ. ನನ್ನದು ಆಗಲೇ ಬೈಗುಳವಾಗಿ ಖರ್ಚಾಗಿತ್ತು. ಚಿಕ್ಕಮ್ಮ ಮೂಗು ಒರೆಸಿಕೊಂಡು ಪಕ್ಕ ಕೂತು, ನೀನು ಬೈದದ್ದು ಥೇಟ್ ನಿಮ್ಮವ್ವನ ಗಂಟಲೇ, ಅದನ್ನು ಅಳಿಸಬೇಡ, ನಮ್ಮ ಗ್ರೂಪಿನಲ್ಲಿ ಇರಲಿ ಅಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ. ನಾನು ಮಾತ್ರ ಕ್ಷಮಿಸಿ ಅನ್ನಲಿಲ್ಲ. ಅವರೂ ಅನ್ನಲಿಲ್ಲ.

ಗೂಡು ಚೆನ್ನಾಗಿ ಬಂತು. ಬಿಡಿಸುವಾಗ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ ತಮ್ಮ, ಅವ್ವ ಇದ್ದಿದ್ದರೆ ಇದಕ್ಕೂ ಏನಾದರೊಂದು ಕೊಂಕು ತೆಗೆಯುತ್ತಿದ್ದಳು ಅಂದ.

ಈ ವರ್ಷ ರಾಗಿ ಕುಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಫೋನು ಮಾಡಿದಳು. ಎದುರುಮನೆಯ ಚಿಕ್ಕಪ್ಪ ಹೋಗಿಬಿಟ್ಟರಂತೆ. ಅವರ ಹುಳ ಇನ್ನೆರಡು ದಿನಕ್ಕೆ ಹಣ್ಣಾಗುತ್ತವೆ. ಚಿಕ್ಕಮ್ಮ ಸಾವಿನ ಮನೆಯವಳು, ಒಳಗೆ ಬರುವಂತಿಲ್ಲ. ಅವ್ವನ ಜಾಗಕ್ಕೆ ಈಗ ತಮ್ಮನ ಹೆಂಡತಿಯೇ ಹೋಗುವುದು. ಆದರೂ ಏಳಕ್ಕೆ ಒಬ್ಬರು ಕಮ್ಮಿ.

"ನೀವು ಬತ್ತೀರಾ ಅಕ್ಕ? ಬಂದ್ರೆ ಅವರ ಅಂಗ್ಳಕ್ಕೆ ಹೋಗಂಗಿಲ್ಲ."

ಚಿಕ್ಕಮ್ಮನಿಗೆ ಮಾಗಡಿಗೆ ಕೊಟ್ಟ ಒಬ್ಬಳು ಮಗಳಿದ್ದಾಳೆ. ನಮ್ಮವ್ವ ನೀರು ಹಾಕಿ ಬೆಳೆಸಿದ ಮೂರರಲ್ಲಿ ಒಬ್ಬಳು. ಅವಳು ಈಗ ಬಸ್ಸಿನಲ್ಲಿರುತ್ತಾಳೆ. ಬಂದು ಅಪ್ಪನ ತಲೆದೆಸೆಯಲ್ಲಿ ಕೂತು ತಲೆಯೆತ್ತಿದರೆ, ನಮ್ಮ ಮನೆಯದೂ ಸೇರಿ ಆರು ಬಾಗಿಲು ಮುಚ್ಚಿರುತ್ತವೆ.

ಬರುತ್ತೇನೆ, ಆದರೆ ಮೊದಲು ಆ ಮಗಳಿಗೆ ಹೇಳಿಯೇ ಬರುವುದು ಅಂದೆ.

"ಯಾರ್ಗೂ ಹೇಳಂಗಿಲ್ಲ ಅಂತ ಅತ್ತೆ ಕಾಲದಿಂದ ಮಾತು. ಅತ್ತೆ ಇದ್ದಿದ್ರೆ ಒಪ್ತಿರ್ನಿಲ್ಲ ಅಕ್ಕ."

"ಅತ್ತೆ ಇಲ್ವಲ್ಲ," ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಮಾಗಡಿಯ ಮಗಳಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿದೆ. ಬಾಗಿಲು ಯಾಕೆ ಮುಚ್ಚಿರುತ್ತವೆ, ಸೊಪ್ಪು ಯಾರು ಹಾಕುತ್ತಾರೆ, ಯಾವ ಕಡೆಯಿಂದ ಬರುತ್ತೇವೆ. ಅವಳು ಬಸ್ಸಿನ ಗದ್ದಲದಲ್ಲಿ ಬರೀ ಹೂಂ ಅಂದಳು. ನಡುವೆ ಕಟ್ಟಾಯಿತು, ಮತ್ತೆ ಹಚ್ಚಿ ಮೊದಲಿನಿಂದ ಹೇಳಿದೆ. ಕೇಳಿಸಿತೋ ಇಲ್ಲವೋ ಎಂದು ಮೂರನೇ ಸಲವೂ ಹಚ್ಚಿದೆ. ಕೇಳುಸ್ತು ಅಕ್ಕ, ಅಂದಳು.

ಮೂರನೇ ದಿನ ಬೆಳಗಾಗುವಾಗ ತೋಟದ ಬಾಗಿಲಿನಿಂದ ಹೋಗಿ ಹುಳ ಆರಿಸಲು ಕೂತೆ. ನಾನು ಆರಿಸಿದ್ದರಲ್ಲಿ ಅರ್ಧವನ್ನು ಪಕ್ಕದವಳು ಕಾಯಿ, ಕಾಯಿ ಎನ್ನುತ್ತ ವಾಪಸು ಸೊಪ್ಪಿನ ಮೇಲೆ ಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಿಟಕಿಯ ಬಲೆಯಾಚೆ ಚಿಕ್ಕಮ್ಮನ ಮಗಳು ಬಂದು ನಿಂತಳು. ಒಳಗೆ ಬರಲಿಲ್ಲ. ಅತ್ತು ಊದಿದ ಕಣ್ಣಿನಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಬಂದಳು. ತುಟಿ ಸಣ್ಣಗೆ ಅಲುಗುತ್ತಿತ್ತು. ಎಣಿಸುತ್ತಿದ್ದಳು. ಅವಳ ಲೆಕ್ಕ ಏಳಕ್ಕೆ ಮುಟ್ಟುವವರೆಗೂ ನಾನು ತಲೆ ತಗ್ಗಿಸಲಿಲ್ಲ.